ಹುಲಿಗಳ ಪಾಲಾದ ಗಡಿಯ ಕೋಟೆ

ಮೈಸೂರಿನಿಂದ ಹುಣಸೂರನ್ನು ಹಾದು ಕೊಡಗಿಗೆ ಸಾಗುವ ಪ್ರಯಾಣಿಕರಲ್ಲಿ ಪಿರಿಯಾಪಟ್ಟಣದಲ್ಲಿಳಿದು ಹಳೆಯ ಕೋಟೆಯನ್ನು ವಿಚಾರಿಸುವವರು ವಿರಳ. ಮಡಿಕೇರಿಯ ತಂಪು ಅವರನ್ನು ಮುಂದಕ್ಕೆ ಸೆಳೆಯುತ್ತಿರುತ್ತದೆ. ಇಂದಿಗೂ ರೈಲು ಕಾಣದ ಈ ದಾರಿಗಾಗಿ ಹಿಂದೆ ಹರಿದ ರಕ್ತವೆಷ್ಟು!

ಚಂಗಾಳ್ವ ಅರಸರ ರಾಜಧಾನಿಯಾಗಿದ್ದ ಈ ಊರನ್ನು 17ನೆಯ ಶತಮಾನದ ನಡುಭಾಗದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜನು ಗೆದ್ದುಕೊಂಡನು. ಅಂದಿನಿಂದ ಇದು ಕೊಡಗಿಗೆ ಎದುರಾದ ಗಡಿಠಾಣ್ಯ. ಗಡಿಯ ಕೋಟೆಯ ಪಾಡು ವಿಚಿತ್ರವಾದುದು. ಕಾಯಬೇಕಾದವರೇ ಅದನ್ನು ಕೆಡವಬೇಕಾಗುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯವು ಕೊಡಗಿನ ಮೂಲಕ ಬಂದಾಗ, ಶತ್ರುವಿಗೆ ಆಸರೆಯಾಗದಿರಲೆಂದು ಟಿಪ್ಪು ಸುಲ್ತಾನನೇ ಊರನ್ನು ಹಾಳುಗೆಡವಿಸಿದನು.

1799ರಲ್ಲಿ ಮತ್ತೆ ಅದೇ ದಾರಿ, ಅದೇ ಬೊಂಬಾಯಿ ಸೈನ್ಯ. ಕೊಡಗಿನ ದೊಡ್ಡವೀರರಾಜೇಂದ್ರನು ಇಂಗ್ಲಿಷರ ಪಕ್ಷ. ಮಾರ್ಚ್ 5ರಂದು ಗಡಿಯ ಸಿದ್ದೇಶ್ವರ ಬೆಟ್ಟದ ಮೇಲಿದ್ದವರಿಗೆ ಪಿರಿಯಾಪಟ್ಟಣದ ಬಳಿ ಡೇರೆಗಳು ಏಳುತ್ತಿದ್ದುದು ಕಂಡಿತು. ಅವುಗಳಲ್ಲಿ ಒಂದು ದೊಡ್ಡ ಹಸುರು ಡೇರೆ! ಸುಲ್ತಾನನೇ ಬಂದಿದ್ದನು. ಮರುದಿನ ಬೆಳಗ್ಗೆ ದಟ್ಟ ಕಾಡಿನ ಮರೆಯಲ್ಲಿ ನುಸುಳಿದ ಮೈಸೂರು ಪಡೆಯು ಮಾಂಟ್ರೆಸರನ ಮೂರು ಸಿಪಾಯಿ ದಳಗಳನ್ನು ಹಿಂದೆ ಮುಂದೆ ಮುತ್ತಿತು. ಮಧ್ಯಾಹ್ನ ಸೇನಾಪತಿ ಸ್ಟುವರ್ಟನ ನೆರವು ಬಂದಿರದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಟಿಪ್ಪು ಹಿಮ್ಮೆಟ್ಟಿದನು, ಮೇ 4ರಂದು ಶ್ರೀರಂಗಪಟ್ಟಣವೇ ಬಿದ್ದಿತು.

ಮರುವರ್ಷ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ ಇಲ್ಲಿಗೆ ಬಂದಾಗ ಒಳಕೋಟೆ ಹುಲಿಗಳ ಪಾಲಾಗಿತ್ತು. ದಾರಿತಪ್ಪಿ ಹೊಕ್ಕ ಕುದುರೆಯೊಂದು ಕೆಲವು ರಾತ್ರಿಗಳ ಹಿಂದಷ್ಟೇ ಅವಕ್ಕೆ ಆಹಾರವಾಗಿತ್ತು. ನಡುಹಗಲಲ್ಲಿಯೂ ಒಂಟಿಯಾಗಿ ಹೋಗಲು ಜನ ಅಂಜುತ್ತಿದ್ದರು. ಬಿಸಿಲೇರಿದರೆ ಹುಲಿಗಳು ದೇವಾಲಯಗಳಲ್ಲಿಯೇ ನೆರಳು ಹುಡುಕುತ್ತಿದ್ದವಂತೆ. ದೊಡ್ಡ ಗುಂಪೇ ಜೊತೆಗಿದ್ದರೂ ಬುಕಾನನ್ ಯಾವ ಗುಡಿಯ ಒಳಗೂ ಕಾಲಿಡಲಿಲ್ಲ.