ಅಳುವ ಸೊಸೆ, ಅಳಿಸುವವರು ಯಾರು?

ಕಮಲಾಪುರದಲ್ಲಿ ಸಂಜೆಯಾಗಿದೆ. ಗದ್ದೆ ಕೆಲಸ ಮುಗಿಸಿ ತಾಯಿ ಮನೆಗೆ ಬಂದಿದ್ದಾಳೆ. ಒಲೆ ಮೇಲೆ ಅನ್ನ ಬೇಯುತ್ತಿದೆ. ಟೀವಿಯಲ್ಲಿ ಧಾರಾವಾಹಿ ನಡೆದಿದೆ. ಅದರಲ್ಲಿ ಸೊಸೆ ಅಳುತ್ತಾಳೆ. ನೋಡುವ ತಾಯಿಯ ಕಣ್ಣಲ್ಲೂ ನೀರು.

"ಅಳೋಳು ಕಾಣ್ತಾಳ. ಆಕಿನ್ನ ಅಳಿಸೋರು ಯಾರವ್ವಾ?" ಎಂದು ಮಗಳು ಕೇಳುತ್ತಾಳೆ.

ಒಳ್ಳೆಯ ಪ್ರಶ್ನೆ. ಬನ್ನಿ ಅಕ್ಕಂದಿರೇ, ತಿಳಿಯೋಣ.

ಧಾರಾವಾಹಿಗೆ ದುಡ್ಡು ಹೊಂದಿಸುವವರು ನಿರ್ಮಾಪಕರು. ಸಂಬಳ, ಊಟ, ಗಾಡಿ, ಲೆಕ್ಕಪತ್ರ ಎಲ್ಲಾ ಅವರ ಹೊಣೆ. ಕಥೆಯನ್ನು ಹೇಗೆ ತೋರಿಸಬೇಕು ಎಂದು ಹೇಳುವವರು ನಿರ್ದೇಶಕರು. ಯಾರು ಎಲ್ಲಿ ನಿಲ್ಲಬೇಕು? ಕ್ಯಾಮೆರಾ ಯಾರ ಮುಖ ತೋರಿಸಬೇಕು? ಮಾತು ಜೋರಾಗಿರಬೇಕೋ, ಮೆಲ್ಲಗಿರಬೇಕೋ? ಇದನ್ನೆಲ್ಲಾ ನೋಡಿಕೊಳ್ಳುವವರು ಅವರೇ. ಕೆಲವರು ಈ ಎರಡೂ ಕೆಲಸ ಮಾಡುತ್ತಾರೆ.

ನಾವು ಕಥೆಯನ್ನು ಮೊದಲಿನಿಂದ ಕೊನೆಯ ತನಕ ಸಾಲಾಗಿ ನೋಡುತ್ತೇವೆ. ಆದರೆ ಅದು ಸಾಲಾಗಿ ತಯಾರಾಗುವುದಿಲ್ಲ. ಹೀಗೆ ಅಂದುಕೊಳ್ಳಿ. ಒಬ್ಬಾಕೆ ಕಮಲಾಪುರದ ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಆಮೇಲೆ ಮನೆಯೊಳಗೆ ಬರುತ್ತಾಳೆ. ನೋಡುವವರಿಗೆ ಇದು ಒಂದು ನಿಮಿಷದ ಮಾತು. ಆದರೆ ಕೆರೆಯ ಭಾಗವನ್ನು ಇವತ್ತು ಇಲ್ಲಿ ತೆಗೆಯಬಹುದು. ಮನೆಯ ಭಾಗವನ್ನು ಹತ್ತು ದಿನ ಬಿಟ್ಟು ಬೆಂಗಳೂರಿನಲ್ಲಿ ತೆಗೆಯಬಹುದು. ಆಗಲೂ ಅದೇ ಸೀರೆ ಬೇಕು, ಅವೇ ಬಳೆ ಬೇಕು. ಸೀರೆಯ ಅಂಚು ಒದ್ದೆಯಾಗಿರಬೇಕು. ಮರೆತರೆ ಕಥೆ ಸುಳ್ಳು ಅನ್ನಿಸುತ್ತದೆ.

ಕೊನೆಗೆ ಬೇಡದ್ದನ್ನು ಕತ್ತರಿಸುತ್ತಾರೆ. ಬೇಕಾದ್ದನ್ನು ಜೋಡಿಸುತ್ತಾರೆ. ಇದಕ್ಕೆ ಸಂಕಲನ ಎಂದು ಹೆಸರು. ತುಂಡು ಬಟ್ಟೆ ಜೋಡಿಸಿ ನಾವು ಕೌದಿ ಹೊಲಿಯುತ್ತೇವಲ್ಲ, ಹಾಗೆಯೇ.

ಇಷ್ಟೆಲ್ಲಾ ಕೆಲಸ ಒಬ್ಬರಿಗೆ ಹೇಗೆ ತಿಳಿಯುತ್ತದೆ? ಒಂದೊಂದಾಗಿ ಕಲಿತರೆ ತಿಳಿಯುತ್ತದೆ. ವೈಶಾಲಿ ಕಾಸರವಳ್ಳಿ ಅವರನ್ನೇ ನೋಡಿ. ಅವರು 1952ರಲ್ಲಿ ಕಲಬುರಗಿಯಲ್ಲಿ ಹುಟ್ಟಿದರು. ನಾಟಕಗಳಲ್ಲಿ ಪಾತ್ರ ಮಾಡಿದರು. ಸಿನಿಮಾದಲ್ಲೂ ನಟಿಸಿದರು. 1980ರ ದಶಕದಲ್ಲಿ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿ ಮಾಡಿದರು. ಅದರಲ್ಲಿ ಸ್ವಾಮಿ ಎಂಬ ಹುಡುಗನ ತಾಯಿಯ ಪಾತ್ರ ವೈಶಾಲಿಯವರದು.

ಅವರು ನಟನೆಗೇ ನಿಲ್ಲಲಿಲ್ಲ. ಯಾವ ಪಾತ್ರಕ್ಕೆ ಯಾವ ಉಡುಗೆ ಎಂಬುದನ್ನೂ ಅರಿತಿದ್ದರು. 'ತಾಯಿ ಸಾಹೇಬ' ಸಿನಿಮಾ ಬಂದದ್ದು 1997ರಲ್ಲಿ. ಅದರ ಉಡುಗೆ ತೊಡುಗೆ ಹೊಂದಿಸಿದ್ದಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಟೀವಿ ಧಾರಾವಾಹಿಗಳನ್ನೂ ನಿರ್ದೇಶಿಸಿದರು. 'ಮೂಡಲಮನೆ', 'ಮುತ್ತಿನ ತೋರಣ' ನೆನಪಿವೆಯೇ? ಅವುಗಳ ನಿರ್ದೇಶನದಲ್ಲಿ ಅವರ ಕೈ ಇದೆ. 2010ರಲ್ಲಿ ಅವರು ತೀರಿಕೊಂಡರು.

ಈಗ ಮಗಳ ಪ್ರಶ್ನೆಗೆ ಬರೋಣ. ಟೀವಿಯ ಸೊಸೆ ತಾನಾಗಿ ಅಳುವುದಿಲ್ಲ. ಆಕೆ ಅಳಲಿ ಎಂದು ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಅಳು ಅನ್ನುತ್ತಾರೆ. ಆಕೆ ಎದ್ದು ನಿಂತು ಮಾತಾಡುವ ಹಾಗೂ ಬರೆಯಬಹುದು. ತನ್ನ ಕೂಲಿ ಕೇಳಬಹುದು. ಮಗಳನ್ನು ಶಾಲೆಗೆ ಕಳಿಸುತ್ತೇನೆ ಎಂದು ಹಟ ಹಿಡಿಯಬಹುದು. ಕ್ಯಾಮೆರಾ ಹಿಂದೆ ಯಾರಿದ್ದಾರೆ ಎಂಬುದು ಅದಕ್ಕೇ ಮುಖ್ಯ.

ಅಲ್ಲಿ ಹೆಣ್ಣುಮಕ್ಕಳೂ ಇರಬೇಕು. ನಮ್ಮ ಕಷ್ಟ ಸುಖ ನಮಗೆ ಗೊತ್ತು. ದುಡ್ಡು ಹೊಂದಿಸುವುದು, ಹತ್ತು ಜನರಿಂದ ಕೆಲಸ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮುಗಿಸುವುದು, ಇದನ್ನು ನಾವು ದಿನಾ ಮನೆಯಲ್ಲಿ ಮಾಡುತ್ತೇವೆ. ಉಳಿದದ್ದನ್ನು ಕಲಿಯಬಹುದು. ಅಕ್ಷರ ಕಲಿತ ಹಾಗೆಯೇ.

ಇವತ್ತು ರಾತ್ರಿ ಧಾರಾವಾಹಿ ನೋಡುವಾಗ ಕೊನೆಗೆ ಬರುವ ಹೆಸರುಗಳನ್ನು ಓದಿ. ಬೇಗ ಬೇಗ ಓಡುತ್ತವೆ. ಎರಡಾದರೂ ಓದಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿವೆ? ಮಗಳ ಜೊತೆ ಕೂತು ಎಣಿಸಿ.