ಗೀಗೀ ಮೇಳವೂ ರ‍್ಯಾಪ್ ಹಾಡುಗಾರನೂ

ಮರೋಳದ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳ ವಾದವನ್ನು ತಾವು ಕೇಳಿದ್ದರೆ ರ‍್ಯಾಪ್ ಅಷ್ಟೇನೂ ಹೊಸದೆನಿಸಲಾರದು. ಇಲ್ಲಿ ದಪ್ಪು, ತುಂತುಣಿ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಹಿಪ್ ಹಾಪ್‌ನಲ್ಲಿ ಗ್ರಾಮಫೋನ್ ತಟ್ಟೆಯ ತಾಳ. ಮಾತನ್ನು ಲಯಕ್ಕೆ ಕಟ್ಟಿ ಎದುರಾಳಿಯನ್ನು ಮೀರಿಸುವ ಹಟ ಎರಡರಲ್ಲಿಯೂ ಉಂಟು.

ನಮ್ಮ ಚಂದನ್ ಶೆಟ್ಟಿಯವರು ಚಲನಚಿತ್ರದ ಆಸರೆಯಿಲ್ಲದ ಮೂರು ಪೆಗ್ಗಿನ ಹಾಡಿನಿಂದ ಮನೆಮಾತಾದರು (ಹಾಡಿನ ವಸ್ತು ಎಲ್ಲರಿಗೂ ರುಚಿಸದು, ಆ ಮಾತು ಬೇರೆ). 2018ರಲ್ಲಿ ಬಿಗ್ ಬಾಸ್ ಗೆದ್ದರು.

ಸ್ವತಂತ್ರ ಹಾಡುಗಾರನಿಗೆ ನಿರ್ಮಾಪಕನ ಹಂಗಿಲ್ಲ; ಧ್ವನಿಮುದ್ರಣದ ಖರ್ಚೂ ಅವನದೇ. ಕೈ ಬರಿದಾದಾಗ ಹಾಡಿನ ಹಕ್ಕನ್ನೇ ಮಾರಬೇಕಾಗುತ್ತದೆ. ಆದರೆ 2012ರ ಕೃತಿಸ್ವಾಮ್ಯ ತಿದ್ದುಪಡಿಯಂತೆ, ಪದ ಬರೆದವನ ಮತ್ತು ರಾಗ ಕಟ್ಟಿದವನ ರಾಯಲ್ಟಿಯ ಪಾಲನ್ನು ಕಂಪನಿಯವರು ಬರೆಸಿಕೊಳ್ಳುವಂತಿಲ್ಲ. ಹೊಸ ಪದ ಕಟ್ಟಿ ಧ್ವನಿಮುದ್ರಿಕೆಗೆ ಕೊಡುವ ಗೀಗೀಕಾರನಿಗೂ ಈ ಕಾನೂನು ಸಲ್ಲುತ್ತದೆ.