ಸುರಪುರದ ಆ ಒಂದು ಗುಂಡು

1943ರ ನ್ಯೂಯಾರ್ಕ್. ಯುದ್ಧದ ಕಾಲ, ಕೈಯಲ್ಲಿ ನಾಟಕವಿಲ್ಲದ ನಟಿ, ಎದುರಿಗೆ ಒಂದು ಕೊಲೆ. ಕ್ಯಾಥರಿನ್ ಮಿಲ್ಲರ್ ಹೇನ್ಸ್ ಬರೆದ ರೋಸಿ ವಿಂಟರ್ ಕಾದಂಬರಿ ಸರಣಿ ಶುರುವಾಗುವುದು ಹೀಗೆ.

ಕಡೇಚೂರಿನವರೇ, ಯಾದಗಿರಿಯವರೇ, ಇಂಥ ಸಾವಿನ ಒಗಟಿನ ಕಥೆ ನಮ್ಮ ಜಿಲ್ಲೆಯಲ್ಲೇ ಇದೆ. ಅದೂ ನಿಜವಾಗಿ ನಡೆದದ್ದು!

1858ರ ಫೆಬ್ರವರಿ. ಸುರಪುರದ ತರುಣ ದೊರೆ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಕಾದಿದರು. ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಆ ಕಾಳಗದಲ್ಲಿ ಸತ್ತ. ಹೈದರಾಬಾದಿಗೆ ಹೋದ ದೊರೆ ಅಲ್ಲಿ ಸೆರೆಯಾದರು. ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟು ಕೋಟೆಗೆ ಕರೆದೊಯ್ಯುವ ದಾರಿಯಲ್ಲಿ ಒಂದು ಡೇರೆ. ಕಾವಲಿನ ಅಧಿಕಾರಿ ರಿವಾಲ್ವರ್ ಇದ್ದ ಬೆಲ್ಟ್ ಬಿಚ್ಚಿ ಕುರ್ಚಿಗೆ ಹಾಕಿ ಹೊರಗೆ ಹೋದನಂತೆ. ಢಂ! ಓಡಿ ಬಂದರೆ ದೊರೆ ನೆಲದ ಮೇಲೆ.

ಆತ್ಮಹತ್ಯೆಯೋ, ಆಕಸ್ಮಿಕವೋ, ಕೊಲೆಯೋ? ನಾಲ್ಕೇ ವರ್ಷದಲ್ಲಿ ಬಿಡುಗಡೆಯಾಗುವವರು ಸಾಯಲು ಯಾಕೆ ಹೊರಟರು? ಕೈದಿಯ ಹತ್ತಿರ ಆಯುಧ ಬಿಟ್ಟು ಹೋಗುವ ಕಾವಲುಗಾರನೂ ಉಂಟೇ?

ಈ ಸಾವಿನ ಕಥೆ ನಮಗೆ ತಲುಪಿದ್ದು ಮುಖ್ಯವಾಗಿ ಮೆಡೋಸ್ ಟೇಲರ್ ಆತ್ಮಕಥೆಯಿಂದ. ಬಾಲಕ ದೊರೆಯನ್ನು ಬೆಳೆಸಿದ, ಅವರಿಂದ ‘ಅಪ್ಪಾ’ ಎಂದು ಕರೆಸಿಕೊಂಡ ಬ್ರಿಟಿಷ್ ಅಧಿಕಾರಿ ಟೇಲರ್. ಠಕ್ಕರ ಕೊಲೆಗಳ ಕಾದಂಬರಿಯಿಂದ 1839ರಲ್ಲೇ ಹೆಸರಾದವರು. ಆದರೆ ಗುಂಡು ಹಾರಿದಾಗ ಅವರು ಆ ಡೇರೆಯಲ್ಲಿ ಇರಲಿಲ್ಲ! ನನಗಂತೂ ಆತ್ಮಹತ್ಯೆಯ ಮಾತು ಒಪ್ಪಿಗೆಯಾಗುವುದಿಲ್ಲ.

ನಮ್ಮ ಜಾತ್ರೆಗಳಲ್ಲಿ ರಾತ್ರಿಯಿಡೀ ನಾಟಕ ಆಡುವ ಕಲಾವಿದರೇ, ಆ ಡೇರೆಯನ್ನು ರಂಗದ ಮೇಲೆ ಕಟ್ಟಿ. ಕಾವಲುಗಾರನನ್ನೂ ಟೇಲರರನ್ನೂ ಎದುರು ನಿಲ್ಲಿಸಿ, ಪ್ರಶ್ನೆ ಕೇಳಿ.